ಬಿಡಿ ಸಿಗರೇಟಿನ ಲೆಕ್ಕ

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಸಿಗರೇಟಿನ ಚಟವನ್ನು ಕಡಿಮೆ ಮಾಡಲು ಸರ್ಕಾರ ಏನು ಮಾಡಬೇಕು, ಈಗ ಮಾಡುತ್ತಿರುವುದು ಸಾಕೇ ಎಂದು ಕೇಳಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹಲವರು ಹೆಸರು ಬೇಡವೆಂದು ಬರೆದಿದ್ದರಿಂದ ಯಾರ ಹೆಸರನ್ನೂ ಕೊಟ್ಟಿಲ್ಲ. ಮನೆಮದ್ದು ಕೇಳಿದವರು ಕ್ಷಮಿಸಬೇಕು. ಈ ಚಟಕ್ಕೆ ನನಗೆ ತಿಳಿದ ಮನೆಮದ್ದು ಯಾವುದೂ ಇಲ್ಲ.

ಪ್ರಶ್ನೆ: ನಾನು ಹುಮನಾಬಾದಿನ ಪದವಿಪೂರ್ವ ಕಾಲೇಜೊಂದರಲ್ಲಿ ಉಪನ್ಯಾಸಕಿ. ಕಾಲೇಜಿನ ಕಾಂಪೌಂಡಿನಿಂದ ಐವತ್ತು ಹೆಜ್ಜೆಗೆ ಒಂದು ಪಾನ್ ಡಬ್ಬಾ ಇದೆ. ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಹುಡುಗರು ಅಲ್ಲಿ ಒಂದೊಂದೇ ಸಿಗರೇಟು ಕೊಂಡು ಇಬ್ಬರು ಮೂವರು ಹಂಚಿಕೊಂಡು ಸೇದುತ್ತಾರೆ. ವಯಸ್ಸಿನ ಮಿತಿ 21ಕ್ಕೆ ಏರಿದೆಯೆಂದು ಓದಿದ್ದೇನೆ, ಆದರೆ ಇಲ್ಲಿ ಏನೂ ಬದಲಾಗಿಲ್ಲ. ಕಾನೂನು ನಿಜವಾಗಿ ಏನು ಹೇಳುತ್ತದೆ? ಯಾರಿಗೆ ದೂರು ಕೊಡಬೇಕು?

ಉತ್ತರ: ಎಲ್ಲರೂ 'ಕೋಟ್ಪಾ' ಎಂದು ಕರೆಯುವ 2003ರ ಕೇಂದ್ರ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿರಲಿಲ್ಲ, ಶಿಕ್ಷಣ ಸಂಸ್ಥೆಯಿಂದ 100 ಗಜದೊಳಗೆ ಯಾರಿಗೂ ಮಾರುವಂತಿರಲಿಲ್ಲ, ತಪ್ಪಿದರೆ ದಂಡ 200 ರೂಪಾಯಿಯವರೆಗೆ ಮಾತ್ರ. ಕರ್ನಾಟಕ ವಿಧಾನಮಂಡಲ 2024ರಲ್ಲಿ ಇದಕ್ಕೆ ತಿದ್ದುಪಡಿ ತಂದಿತು, ರಾಷ್ಟ್ರಪತಿಗಳ ಅಂಕಿತ ದೊರೆತು 2025ರಲ್ಲಿ ಅದು ಜಾರಿಗೆ ಬಂತು. ಈಗ ನಮ್ಮ ರಾಜ್ಯದಲ್ಲಿ ವಯಸ್ಸು 21, ದೂರ 100 ಮೀಟರ್, ದಂಡ 1,000 ರೂಪಾಯಿಯವರೆಗೆ. ಹುಕ್ಕಾ ಬಾರ್ ನಡೆಸಿದವರಿಗೆ ಒಂದರಿಂದ ಮೂರು ವರ್ಷ ಸೆರೆವಾಸ. ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಈ ಹುಕ್ಕಾ ಬಾರಿನ ಸುದ್ದಿ. ಅದೇ ತಿದ್ದುಪಡಿಯಲ್ಲಿ ಅಷ್ಟು ಸದ್ದು ಮಾಡದೆ ಕುಳಿತ ಇನ್ನೊಂದು ಅಂಶವಿದೆ: ಸಿಗರೇಟನ್ನು ಪಾಕೀಟು ಒಡೆದು ಬಿಡಿಯಾಗಿ ಮಾರುವಂತಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು 'ಒಂದೊಂದೇ' ಎಂಬ ಪದದ ಮೇಲೆ.

ಇದು ಯಾಕೆ ಇಷ್ಟು ಮುಖ್ಯವೆಂದರೆ, ಸಿಗರೇಟಿನ ವಿರುದ್ಧ ದೇಶ ಹೂಡಿರುವ ಹೆಚ್ಚಿನ ಉಪಾಯಗಳೆಲ್ಲ ಪಾಕೀಟಿಗೆ ಅಂಟಿಕೊಂಡಿವೆ. 2016ರ ಏಪ್ರಿಲ್ 1ರಿಂದ ಪಾಕೀಟಿನ ಎರಡೂ ಮುಖಗಳ ಶೇ 85 ಭಾಗದಲ್ಲಿ ರೋಗದ ಚಿತ್ರ ಮತ್ತು ಎಚ್ಚರಿಕೆ ಇರಬೇಕು. ಈ ಚಿತ್ರದ ಅಳತೆಗಾಗಿ ನಡೆದ ವ್ಯಾಜ್ಯ ಸಣ್ಣದಲ್ಲ. 2017ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಹೈಕೋರ್ಟು ಆ ನಿಯಮವನ್ನು ರದ್ದು ಮಾಡಿದಾಗ, 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟು ಚಿತ್ರವನ್ನು ಉಳಿಸಿತು. ಇಷ್ಟೆಲ್ಲ ಹೋರಾಟ ಮಾಡಿ ಉಳಿಸಿಕೊಂಡ ಚಿತ್ರವನ್ನು ನಿಮ್ಮ ಹುಡುಗ ನೋಡುವುದೇ ಇಲ್ಲ. ಪಾಕೀಟು ಅಂಗಡಿಯವನ ಗಲ್ಲಾದ ಪಕ್ಕದಲ್ಲಿ ಉಳಿಯುತ್ತದೆ. ಹುಡುಗನ ಬೆರಳಿಗೆ ಬರುವುದು ಏನೂ ಬರೆಯದ ಬಿಳಿ ಕಡ್ಡಿ, ಅದನ್ನು ಹೊತ್ತಿಸಲು ಡಬ್ಬಾದ ಕಂಬಕ್ಕೆ ದಾರದಲ್ಲಿ ಕಟ್ಟಿ ತೂಗುಬಿಟ್ಟ ಲೈಟರ್. ತೆರಿಗೆಯ ಕಥೆಯೂ ಇದೇ. ಹತ್ತು ಕಡ್ಡಿಯ ಪಾಕೀಟಿಗೆ ಇಪ್ಪತ್ತು ರೂಪಾಯಿ ಏರಿದರೆ ಕೊಳ್ಳುವವನ ಕೈ ಒಂದು ಕ್ಷಣ ತಡೆಯುತ್ತದೆ. ಒಂದು ಕಡ್ಡಿಗೆ ಎರಡು ರೂಪಾಯಿ ಏರಿದರೆ ಮೂವರು ಹುಡುಗರು ಅದನ್ನು ಹಂಚಿಕೊಂಡು ಮರೆತುಬಿಡುತ್ತಾರೆ. ಜೇಬಿನಲ್ಲಿ ಪಾಕೀಟಿನ ಹಣವಿಲ್ಲದ ಹುಡುಗನಿಗೂ ಒಂದು ಕಡ್ಡಿಯ ಹಣ ಇರುತ್ತದೆ. ಚಟ ಹತ್ತುವ ವಯಸ್ಸೂ ಅದೇ.

ಇನ್ನು ದೂರಿನ ಮಾತು. ಕಾಲೇಜಿನ ಆವರಣದೊಳಗೆ ಯಾರೇ ಸೇದಿದರೂ ದಂಡ ಹಾಕುವ ಅಧಿಕಾರ ಸಂಸ್ಥೆಯ ಮುಖ್ಯಸ್ಥರಿಗೇ ಇದೆ. ಗೋಡೆಯಾಚೆಗಿನ ಅಂಗಡಿಯ ಮೇಲೆ ಕ್ರಮ ಕೈಗೊಳ್ಳಬೇಕಾದವರು ಸಬ್‌ ಇನ್‌ಸ್ಪೆಕ್ಟರ್ ಮತ್ತು ಅವರಿಗಿಂತ ಮೇಲಿನ ಪೊಲೀಸ್ ಅಧಿಕಾರಿಗಳು ಹಾಗೂ ಅಧಿಕಾರ ಪಡೆದ ಆರೋಗ್ಯ ಅಧಿಕಾರಿಗಳು. ಬೀದರಿನಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಸೇರಿದಂತೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶವಿದೆ. ಪ್ರಾಂಶುಪಾಲರ ಸಹಿಯೊಂದಿಗೆ, ಟೇಪು ಹಿಡಿದು ಅಳೆದ ದೂರವನ್ನೂ ಬಿಡುವಿನ ಹೊತ್ತಿನ ಒಂದು ಫೋಟೋವನ್ನೂ ಇಟ್ಟು ಅಲ್ಲಿಗೆ ಬರೆಯಿರಿ, ಪ್ರತಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಹುಡುಗರು 18 ತುಂಬದವರಾದರೆ ಬಾಲನ್ಯಾಯ ಕಾಯ್ದೆ, 2015ರ 77ನೇ ಕಲಮನ್ನೂ ಉಲ್ಲೇಖಿಸಿ; ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಅದರಡಿ ಏಳು ವರ್ಷದವರೆಗೆ ಕಠಿಣ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡ ಇದೆ. ಅಂಗಡಿಯವನನ್ನು ಜೈಲಿಗೆ ಕಳಿಸಲೆಂದು ಇದನ್ನು ಹೇಳುತ್ತಿಲ್ಲ. ಇದನ್ನು ಓದಿ ಹೇಳಿದ ದಿನವೇ ಮಾರುವುದನ್ನು ನಿಲ್ಲಿಸಿದ ಅಂಗಡಿಗಳನ್ನು ನಾನು ನೋಡಿದ್ದೇನೆ.

ಶಾಲೆ ಕಾಲೇಜುಗಳ ಸುತ್ತ ರಸ್ತೆಗೆ ಹಳದಿ ಗೆರೆ ಎಳೆಯುವ ಕಾರ್ಯಕ್ರಮವಿದೆ, ಅಂಗಡಿಯವರಿಗೆ ವಿದ್ಯಾರ್ಥಿಗಳ ಕೈಯಿಂದ ಗುಲಾಬಿ ಕೊಡಿಸುವ ಆಂದೋಲನವೂ ಇದೆ. ನಮ್ಮ ಧೂಳಿನಲ್ಲಿ ಆ ಗೆರೆ ಎರಡು ಬೇಸಿಗೆ ತಡೆಯುವುದಿಲ್ಲ, ಗುಲಾಬಿ ಸಂಜೆಯವರೆಗೂ ತಡೆಯುವುದಿಲ್ಲ. ಮಾಡಬಾರದೆಂದು ಹೇಳುವುದಿಲ್ಲ, ಅದರ ಮಾರನೆಯ ದಿನ ಯಾರಾದರೂ ಹೋಗಿ ನೋಡಬೇಕು, ಅಷ್ಟೇ. ಹುಡುಗರನ್ನು ಪ್ರಾರ್ಥನೆಯ ವೇಳೆ ಸಾಲಿನಿಂದ ಹೊರಗೆ ನಿಲ್ಲಿಸಿ ಅವಮಾನ ಮಾಡುವ ಕ್ರಮವನ್ನು ಮಾತ್ರ ದಯವಿಟ್ಟು ಬಿಡಿ. ಮಾರಾಟದ ಕಲಮು ಶಿಕ್ಷಿಸುವುದು ಮಾರುವವನನ್ನು, ಕೊಂಡ ಮಗುವನ್ನಲ್ಲ.

ಪ್ರಶ್ನೆ: ಡಾಕ್ಟರ್ ಸಾಹೇಬರೇ, ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಹತ್ತೊಂಬತ್ತು ವರ್ಷದ ಪಾನ್ ಅಂಗಡಿ. ಎಲೆ, ಅಡಿಕೆ, ಕಾಚು, ಸುಣ್ಣ ಮಾರಿದರೆ ಬಾಡಿಗೆ ಹುಟ್ಟುವುದಿಲ್ಲ. ಪಾಕೀಟು ಪಾಕೀಟೇ ಕೊಳ್ಳುವವರು ಹತ್ತರಲ್ಲಿ ಒಬ್ಬರು. ಬಿಡಿಯಾಗಿ ಮಾರಿದರೆ ಕಡ್ಡಿಗೆ ಒಂದು ರೂಪಾಯಿ ಉಳಿಯುತ್ತದೆ, ಅದೇ ನನ್ನ ಸಂಸಾರ. ಸಿಗರೇಟು ಅಷ್ಟು ಕೆಟ್ಟದ್ದಾದರೆ ಸರ್ಕಾರ ಕಾರ್ಖಾನೆಯನ್ನೇ ಮುಚ್ಚಲಿ. ಮೇಲೆ ತೆರಿಗೆ ತೆಗೆದುಕೊಂಡು ಕೆಳಗೆ ನಮಗೆ ದಂಡ ಹಾಕುವುದು ಯಾವ ನ್ಯಾಯ?

ಉತ್ತರ: ನಿಮ್ಮ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ. ಆರೋಗ್ಯ ಸಚಿವಾಲಯ ತಂಬಾಕು ಬೇಡವೆನ್ನುತ್ತದೆ. ವಾಣಿಜ್ಯ ಸಚಿವಾಲಯದ ಅಡಿಯಲ್ಲಿ 1976ರಿಂದ ತಂಬಾಕು ಮಂಡಳಿ ಇದ್ದು, ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಬೆಳೆಯನ್ನು ಹರಾಜು ಕಟ್ಟೆಗೆ ತಂದು ಮಾರಿಸುತ್ತದೆ. ಸರ್ಕಾರಿ ಒಡೆತನದ ವಿಮಾ ಸಂಸ್ಥೆಯ ಹಣ ಸಿಗರೇಟು ಕಂಪನಿಯ ಷೇರುಗಳಲ್ಲಿದೆ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ. ಆರೋಗ್ಯ ಇಲಾಖೆಯಲ್ಲಿದ್ದಾಗ ಒಮ್ಮೆ ನಮ್ಮ ತನಿಖಾ ತಂಡ ಬಸ್ ನಿಲ್ದಾಣವೊಂದರ ಬಳಿ ಅರವತ್ತು ದಾಟಿದ ಒಬ್ಬ ತಾಯಿಗೆ 200 ರೂಪಾಯಿ ದಂಡ ಹಾಕಿ ರಸೀದಿ ಹರಿದುಕೊಟ್ಟಿತು. ಆಕೆ ಹತ್ತರ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟಳು. ಜೀಪು ಹೊರಡುವ ಮುಂಚೆ ನಮ್ಮ ತಂಡದವರೇ ಒಬ್ಬರು ಹಿಂದಿರುಗಿ ಹೋಗಿ ಆಕೆಯಿಂದಲೇ ಒಂದು ಸಿಗರೇಟು ಕೊಂಡು ತಂದರು. ನಾನು ಅಂದು ಬಾಯಿ ಬಿಡಲಿಲ್ಲ.

ಆದರೂ 'ಕಾರ್ಖಾನೆ ಮುಚ್ಚಲಿ' ಎಂಬ ಮಾತಿಗೆ ನಾನು ಒಪ್ಪುವುದಿಲ್ಲ. ಭೂತಾನ್ ಅದನ್ನು ಮಾಡಿ ನೋಡಿತು. 2004ರಲ್ಲಿ ಇಡೀ ದೇಶದಲ್ಲಿ ತಂಬಾಕು ಮಾರಾಟವನ್ನು ನಿಷೇಧಿಸಿತು, 2010ರಲ್ಲಿ ಕಾಯ್ದೆಯನ್ನು ಇನ್ನೂ ಬಿಗಿ ಮಾಡಿತು. ಸೇದುವವರು ಉಳಿದರು, ಮಾಲು ನಮ್ಮ ದೇಶದ ಗಡಿಯಿಂದ ಕದ್ದು ಹೋಗತೊಡಗಿತು. ಕೋವಿಡ್ ಕಾಲದಲ್ಲಿ ಕಳ್ಳಸಾಗಣೆಯವರ ಜೊತೆ ಸೋಂಕೂ ಬರುವ ಭಯ ಹುಟ್ಟಿ 2021ರಲ್ಲಿ ಮಾರಾಟಕ್ಕೆ ಮತ್ತೆ ಅನುಮತಿ ಕೊಟ್ಟಿತು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ವಯಸ್ಕರಲ್ಲಿ ಶೇ 10.7ರಷ್ಟು ಜನ ಏನಾದರೊಂದನ್ನು ಸೇದುತ್ತಾರೆ. ಅಷ್ಟು ಜನರ ನಿಕೋಟಿನ್ ಒಂದೇ ರಾತ್ರಿಯಲ್ಲಿ ನಿಂತರೆ ಅದರ ಲಾಭ ಯಾರಿಗೆಂದು ಮಾರುಕಟ್ಟೆಯಲ್ಲಿ ಕುಳಿತ ನಿಮಗೆ ನಾನು ಹೇಳಬೇಕಾಗಿಲ್ಲ. ಈಗ ಸೇದುತ್ತಿರುವವರನ್ನು ಹಾಗೇ ಬಿಟ್ಟು ಮುಂದಿನ ಪೀಳಿಗೆಗೆ ಬಾಗಿಲು ಮುಚ್ಚುವ ದಾರಿ ಇನ್ನೊಂದು. ನ್ಯೂಜಿಲೆಂಡ್ 2022ರಲ್ಲಿ ಅಂಥ ಕಾನೂನು ಮಾಡಿ, ಸರ್ಕಾರ ಬದಲಾದಾಗ 2024ರಲ್ಲಿ ತಾನೇ ಹಿಂತೆಗೆದುಕೊಂಡಿತು. ಮಾಲ್ದೀವ್ಸ್‌ನಲ್ಲಿ 2025ರ ನವೆಂಬರ್ 1ರಿಂದ, 2007ರ ಜನವರಿ 1 ಅಥವಾ ಆನಂತರ ಹುಟ್ಟಿದವರಿಗೆ ತಂಬಾಕು ಮಾರುವಂತಿಲ್ಲ. ಅದು ಹೇಗೆ ನಡೆಯುತ್ತದೆಂದು ಕಾದು ನೋಡಬೇಕು.

ತೆರಿಗೆಯಿಂದ ಸರ್ಕಾರಕ್ಕೆ ಲಾಭ ಎಂಬ ಮಾತನ್ನೂ ತೂಗಿ ನೋಡೋಣ. 2017–18ರಲ್ಲಿ 35 ವರ್ಷ ದಾಟಿದವರಿಗೆ ತಂಬಾಕಿನಿಂದ ಬಂದ ರೋಗ ಮತ್ತು ಅಕಾಲ ಮರಣದಿಂದ ದೇಶಕ್ಕೆ ಆದ ಹೊರೆ 1,77,341 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಲಾಗಿದೆ. ತಂಬಾಕಿನ ಅಬಕಾರಿ ಸುಂಕದಿಂದ ಬಂದದ್ದು ಅದರ ಶೇ 12ರಷ್ಟು. ಉಳಿದ ಹೊರೆಯನ್ನು ಹೊತ್ತವರಲ್ಲಿ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕಲಬುರಗಿ ಕೇಂದ್ರದ ಮುಂದೆ ಬುತ್ತಿ ಕಟ್ಟಿಕೊಂಡು ಬಂದು ಮರದಡಿ ಕೂರುವ ಕುಟುಂಬಗಳೂ ಇವೆ.

ನಿಮ್ಮ ಹೊಟ್ಟೆಪಾಡಿನ ಪ್ರಶ್ನೆ ಬೇರೆಯೇ, ಅದಕ್ಕೆ ಉತ್ತರ ಕೊಡದೆ ನೀತಿ ಮಾಡುವವರು ನೀತಿಯನ್ನು ಅರ್ಧ ಮಾಡಿದಂತೆ. ಭಾರತ 2004ರಲ್ಲಿ ಸೇರಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದದ 17ನೇ ವಿಧಿ ಬೆಳೆಗಾರರಿಗೆ, ಕಾರ್ಮಿಕರಿಗೆ ಮತ್ತು ಅಗತ್ಯವಿದ್ದಲ್ಲಿ ಚಿಲ್ಲರೆ ಮಾರಾಟಗಾರರಿಗೂ ಬೇರೆ ಜೀವನೋಪಾಯಕ್ಕೆ ನೆರವಾಗಬೇಕೆನ್ನುತ್ತದೆ. ಆ ವಿಧಿಯನ್ನು ಹಿಡಿದು ಕಲಬುರಗಿಯ ಒಂದು ಪಾನ್ ಅಂಗಡಿಗೆ ಯಾರಾದರೂ ಬಂದದ್ದನ್ನು ನಾನು ಕಂಡಿಲ್ಲ. ತಂಬಾಕು ಮಾರುವ ಅಂಗಡಿಗಳಿಗೆ ಸ್ಥಳೀಯ ಸಂಸ್ಥೆಗಳಿಂದ ಪ್ರತ್ಯೇಕ ಪರವಾನಗಿ ಕೊಡಿ, ಅಲ್ಲಿ ಚಾಕೊಲೇಟು, ಬಿಸ್ಕತ್ತು, ಚಿಪ್ಸ್ ಮಾರಿಸಬೇಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಬರೆಯಿತು. ನಾನು ಪರವಾನಗಿಯ ಪರವಾಗಿದ್ದೇನೆ, ಏಕೆಂದರೆ ಎಷ್ಟು ಅಂಗಡಿಗಳಿವೆಯೆಂದು ಗೊತ್ತಿಲ್ಲದ ಊರಿನಲ್ಲಿ ಯಾವ ನಿಯಮವೂ ನಿಲ್ಲುವುದಿಲ್ಲ. ಆದರೆ ಅದನ್ನು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಸಿಗುವ ಗುರುತಿನ ಚೀಟಿ ಮತ್ತು ಸಾಲದ ಜೊತೆ ಕೊಡಬೇಕು. ತಂಬಾಕು ಬಿಟ್ಟು ಚಹಾ, ಹಣ್ಣು, ತಂಪು ಪಾನೀಯಕ್ಕೆ ಹೊರಳುವವರಿಗೆ ಜಾಗದ ಖಾತ್ರಿ ಮೊದಲು ಸಿಗಬೇಕು. ಬಿಡಿ ಮಾರಾಟದ ದಂಡವೂ ಬರೀ ನಿಮ್ಮ ತಲೆಯ ಮೇಲೆ ಬಿದ್ದರೆ ಸಾಲದು. ಬೆಳಿಗ್ಗೆ ಸೈಕಲ್ ಮೋಟಾರಿನಲ್ಲಿ ಮಾಲು ತಂದು ಹಾಕುವ ವಿತರಕನನ್ನೂ ಅದು ಮುಟ್ಟಬೇಕು.

ಒಂದು ಕೆಲಸವನ್ನು ಈ ವಾರವೇ ಮಾಡಿ. ನಿಮ್ಮ ಅಂಗಡಿಯ ಮೇಲೆ ಕಂಪನಿಯವರು ಪುಕ್ಕಟೆ ಹಾಕಿಕೊಟ್ಟ ಬಣ್ಣದ ದೀಪದ ಬೋರ್ಡು ಇದ್ದರೆ ಇಳಿಸಿಬಿಡಿ. ಅಂಗಡಿಯಲ್ಲಿ ಬ್ರ್ಯಾಂಡಿನ ಹೆಸರು, ಪಾಕೀಟಿನ ಚಿತ್ರ ತೋರಿಸುವ ಫಲಕ ನಿಯಮಕ್ಕೆ ವಿರುದ್ಧ, ಜಾಹೀರಾತಿನ ಕಲಮಿನಡಿ ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಬೋರ್ಡು ಅವರದು, ಪ್ರಕರಣ ಮಾತ್ರ ನಿಮ್ಮದಾಗುತ್ತದೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಶಹಾಪುರದ ಶಿಕ್ಷಕ ನಾನು. ನಮ್ಮ ಹಳ್ಳಿಗಳಲ್ಲಿ ಸಿಗರೇಟು ಸೇದುವವರು ಕಡಿಮೆ. ಹಿರಿಯರಿಗೆ ಬೀಡಿ, ಹುಡುಗರಿಗೆ ಗುಟ್ಕಾ. ಸಿಗರೇಟಿನ ತೆರಿಗೆ ಏರಿಸಿದರೆ ಜನ ಬೀಡಿಗೆ ಇಳಿಯುವುದಿಲ್ಲವೇ?

ಉತ್ತರ: ಇಳಿಯುತ್ತಾರೆ, ಬೀಡಿಯನ್ನು ಅಗ್ಗವಾಗಿ ಬಿಟ್ಟರೆ. ನಿಮ್ಮ ಗಮನಿಕೆಯನ್ನು ಅಂಕಿಅಂಶಗಳೂ ಒಪ್ಪುತ್ತವೆ. ಅದೇ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4, ಬೀಡಿ ಸೇದುವವರು ಶೇ 7.7, ಜಗಿಯುವ ಮತ್ತು ಬಾಯಲ್ಲಿಡುವ ತಂಬಾಕಿನವರು ಶೇ 21.4. ಕರ್ನಾಟಕದಲ್ಲಿ ಸೇದುವವರು ಶೇ 8.8, ಹೊಗೆರಹಿತ ತಂಬಾಕಿನವರು ಶೇ 16.3.

ಬೆಲೆ ಏರಿಸುವುದರಷ್ಟು ಪರಿಣಾಮ ಬೀರುವ ಉಪಾಯ ಇನ್ನೊಂದಿಲ್ಲವೆಂಬುದರಲ್ಲಿ ಆರೋಗ್ಯ ತಜ್ಞರಿಗೂ ಅರ್ಥಶಾಸ್ತ್ರಜ್ಞರಿಗೂ ಹೆಚ್ಚಿನ ಭಿನ್ನಮತವಿಲ್ಲ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ಬಳಕೆ ಸುಮಾರು ಶೇ 5 ಇಳಿಯುತ್ತದೆ, ಬಡವರಲ್ಲಿ ಮತ್ತು ಹುಡುಗರಲ್ಲಿ ಅದಕ್ಕಿಂತ ಹೆಚ್ಚು. ದಕ್ಷಿಣ ಆಫ್ರಿಕಾ 1990ರ ದಶಕದಲ್ಲಿ ವರ್ಷ ವರ್ಷವೂ ಸಿಗರೇಟಿನ ತೆರಿಗೆ ಏರಿಸುತ್ತ ಹೋಯಿತು. 1993ರಲ್ಲಿ ಶೇ 32ರಷ್ಟಿದ್ದ ಸೇದುವವರ ಪ್ರಮಾಣ ಹತ್ತು ವರ್ಷಗಳಲ್ಲಿ ಸುಮಾರು ಶೇ 24ಕ್ಕೆ ಇಳಿಯಿತು, ಸರ್ಕಾರದ ತೆರಿಗೆ ಆದಾಯವೂ ಕುಗ್ಗಲಿಲ್ಲ. ಚಿಲ್ಲರೆ ಬೆಲೆಯಲ್ಲಿ ಮುಕ್ಕಾಲು ಪಾಲಾದರೂ ತೆರಿಗೆಯಾಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ನಂತರದ ವರ್ಷಗಳಲ್ಲಿ ನಮ್ಮಲ್ಲಿ ಸಿಗರೇಟಿನ ತೆರಿಗೆಯ ಪಾಲು ಅರ್ಧದ ಆಸುಪಾಸಿನಲ್ಲೇ ಇತ್ತು, ಬೀಡಿಯದು ಕಾಲುಭಾಗಕ್ಕೂ ಕಡಿಮೆ. ಸಿಗರೇಟಿನ ಮೇಲೆ ಜಿಎಸ್‌ಟಿಯ ಜೊತೆ ಸೆಸ್ ಹಾಕಿದವರು ಬೀಡಿಯ ಮೇಲೆ ಸೆಸ್ ಹಾಕಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಸಿಗರೇಟನ್ನು ಶೇ 40ರ ದರಕ್ಕೆ ಏರಿಸಲು ತೀರ್ಮಾನಿಸಿದ ಸಭೆಯಲ್ಲೇ ಬೀಡಿಯ ದರವನ್ನು ಶೇ 28ರಿಂದ ಶೇ 18ಕ್ಕೆ ಇಳಿಸಲು ತೀರ್ಮಾನಿಸಿತು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೆಸರು ಹೇಳಿ ಇದನ್ನು ಸಮರ್ಥಿಸುತ್ತಾರೆ. ಸೊಲ್ಲಾಪುರದಲ್ಲಿ ಮೊರದ ತುಂಬ ಎಲೆ ಹರಡಿಕೊಂಡು ಕತ್ತರಿಯಿಂದ ಕತ್ತರಿಸಿ, ತಂಬಾಕಿನ ಪುಡಿ ತುಂಬಿ, ದಾರ ಸುತ್ತುವ ಆ ತಾಯಂದಿರ ಕೂಲಿ ಎಷ್ಟೆಂದು ನೋಡಿದವರು, ತೆರಿಗೆ ಇಳಿದರೆ ಆ ಹಣ ಅವರ ಕೈಗೆ ಹೋಗುತ್ತದೆಂದು ನಂಬಲಾರರು.

ಬೀಡಿ ಸಣ್ಣದು, ಎಲೆಯದು, ಆದ್ದರಿಂದ ಅಷ್ಟು ಕೆಟ್ಟದ್ದಲ್ಲವೆಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಎಲೆಯ ಮೂಲಕ ಗಾಳಿ ಸರಿಯಾಗಿ ಆಡದೆ ಬೀಡಿ ಬೇಗ ಆರುತ್ತದೆ. ಆರದಿರಲೆಂದು ಸೇದುವವನು ಮೇಲಿಂದ ಮೇಲೆ, ಆಳವಾಗಿ ಎಳೆಯುತ್ತಾನೆ. ಹಾಗಾಗಿ ಅಷ್ಟು ಸಣ್ಣ ಬೀಡಿಯಿಂದಲೂ ಟಾರ್ ಮತ್ತು ಕಾರ್ಬನ್ ಮೊನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನೂ ಒಳಹೋಗುವುದಿಲ್ಲ.

ತೆರಿಗೆಯಲ್ಲಿ ಇನ್ನೊಂದು ಬಿರುಕಿದೆ. ನಮ್ಮಲ್ಲಿ ಸಿಗರೇಟಿನ ಸುಂಕವನ್ನು ಕಡ್ಡಿಯ ಉದ್ದಕ್ಕೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿ ಹಾಕುತ್ತ ಬಂದಿದ್ದಾರೆ. 65 ಮಿಲಿಮೀಟರಿನ ಮೆಟ್ಟಿಲಿಗೆ ಒಂದು ಮಿಲಿಮೀಟರ್ ಕಡಿಮೆ ಮಾಡಿ ತಯಾರಿಸಿದ ಕಡ್ಡಿಗಳು ಮಾರುಕಟ್ಟೆಯಲ್ಲಿವೆ. ಅವು ಅಗ್ಗ, ಹುಡುಗರಿಗೆ ಸಿಗುವುದೂ ಅವೇ. ಎಲ್ಲ ಉದ್ದಕ್ಕೂ ಒಂದೇ ಸುಂಕ, ಬೀಡಿಗೂ ಅದರ ಹತ್ತಿರದ ಸುಂಕ, ಪ್ರತಿ ವರ್ಷ ಜನರ ಆದಾಯ ಏರುವುದಕ್ಕಿಂತ ಸ್ವಲ್ಪ ಹೆಚ್ಚಿನ ಏರಿಕೆ: ಇಷ್ಟಾದರೆ ನೀವು ಹೇಳುವ ಇಳಿಜಾರು ಮುಚ್ಚುತ್ತದೆ. ಇದು ದೆಹಲಿಯ ಕೆಲಸ. ಜಿಎಸ್‌ಟಿ ಬಂದಮೇಲೆ ಬೆಂಗಳೂರಿನ ಕೈಯಲ್ಲಿ ಈ ಕೀಲಿ ಇಲ್ಲ. ರಾಜ್ಯಕ್ಕೆ ಉಳಿದದ್ದು ವಯಸ್ಸು, ಅಂಗಡಿ, ಜಾಗ ಮತ್ತು ದಂಡ.

ಗುಟ್ಕಾ ನಮ್ಮ ರಾಜ್ಯದಲ್ಲಿ 2013ರ ಮೇ 31ರಂದೇ ನಿಷೇಧವಾಯಿತು. ಅಂದಿನಿಂದ ಪಾನ್ ಮಸಾಲೆ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬರುತ್ತಿದೆ. ಎರಡನ್ನೂ ಹಲ್ಲಿನಿಂದ ಹರಿದು ಅಂಗೈಯಲ್ಲಿ ಬೆರೆಸಿದರೆ ಆಯಿತು ಗುಟ್ಕಾ. ಅದರ ವಿಚಾರವನ್ನು ಬೇರೆಯಾಗಿಯೇ ಬರೆಯಬೇಕು.

ಪ್ರಶ್ನೆ: ದಂಡ ಕಟ್ಟಿದ ಒಬ್ಬ ಮನುಷ್ಯನನ್ನೂ ನಾನು ನೋಡಿಲ್ಲ. ಹೀಗಿರುವಾಗ ಸಾರ್ವಜನಿಕ ಸ್ಥಳದಲ್ಲಿ ಸೇದಬಾರದೆಂಬ ಕಾನೂನಿನಿಂದ ಏನು ಪ್ರಯೋಜನ? (ಯಾದಗಿರಿ)

ಉತ್ತರ: ನೀವು ನಲವತ್ತು ದಾಟಿದವರಾದರೆ ಹಳೆಯ ಬಸ್ಸುಗಳನ್ನು ನೆನಪಿಸಿಕೊಳ್ಳಿ. ಕಲಬುರಗಿಯಿಂದ ಯಾದಗಿರಿಗೆ ಹೋಗುವಷ್ಟರಲ್ಲಿ ಹಿಂದಿನ ಸೀಟಿನಿಂದ ಬೀಡಿಯ ಹೊಗೆ ಬರದ ಪ್ರಯಾಣವೇ ಇರಲಿಲ್ಲ. ಕೂಸನ್ನು ಎತ್ತಿಕೊಂಡ ತಾಯಿ ಸೆರಗಿನಿಂದ ಅದರ ಮುಖ ಮುಚ್ಚಿ ಸುಮ್ಮನೆ ಕೂರುತ್ತಿದ್ದಳು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬಸ್ಸು, ರೈಲು, ಆಸ್ಪತ್ರೆ, ಕಚೇರಿಗಳಲ್ಲಿ ಸೇದುವುದನ್ನು ತಡೆಯಬೇಕೆಂದಿತು. 2008ರ ಅಕ್ಟೋಬರ್ 2ರಿಂದ ಕೋಟ್ಪಾ ನಿಯಮಗಳು ದೇಶದಾದ್ಯಂತ ಬಿಗಿಯಾದವು. ಇಂದು ಬಸ್ಸಿನೊಳಗೆ ಬೀಡಿ ಹಚ್ಚಿದವನಿಗೆ ಕಂಡಕ್ಟರ್ ಬರುವ ಮುಂಚೆ ಪಕ್ಕದವರೇ 'ಇಳಿರಿ ಕೆಳಗ' ಎನ್ನುತ್ತಾರೆ. ರಸೀದಿ ಹರಿದವರು ವಿರಳ. ಆದರೆ ಆಕ್ಷೇಪಿಸುವ ಹಕ್ಕು ಸೇದದವನಿಗೆ ಬಂತು. ಕರ್ನಾಟಕದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರು 2009–10ರಲ್ಲಿ ಶೇ 28.2ರಷ್ಟಿದ್ದವರು 2016–17ಕ್ಕೆ ಶೇ 22.8ಕ್ಕೆ ಇಳಿದದ್ದರಲ್ಲಿ ಇದರ ಪಾಲೂ ಇದೆಯೆಂದು ನನ್ನ ಅಭಿಪ್ರಾಯ. ಚಹಾದ ಹೋಟೆಲು ಮತ್ತು ಮದುವೆ ಮಂಟಪಗಳಿಗೆ ಈ ಬದಲಾವಣೆ ಇನ್ನೂ ಪೂರ್ತಿ ಮುಟ್ಟಿಲ್ಲ. ಅವೂ ಸಾರ್ವಜನಿಕ ಸ್ಥಳಗಳೇ. ಅಲ್ಲಿ ಆಶ್‌ಟ್ರೇ, ಕಡ್ಡಿಪೆಟ್ಟಿಗೆ ಇಡುವುದೂ ನಿಯಮಕ್ಕೆ ವಿರುದ್ಧ.

ಪ್ರಶ್ನೆ: ಶಹಾಬಾದಿನ ಕಲ್ಲಿನ ಪಾಲಿಶ್ ಘಟಕದಲ್ಲಿ ದುಡಿಯುತ್ತೇನೆ. ವಯಸ್ಸು 48. ಹದಿನೇಳರಿಂದ ಸೇದುತ್ತಿದ್ದೇನೆ, ದಿನಕ್ಕೆ ಒಂದು ಪಾಕೀಟು. ಎರಡು ಸಲ ಬಿಟ್ಟು ಮತ್ತೆ ಹಿಡಿದೆ. ಪಾಕೀಟಿನ ಮೇಲಿನ ಚಿತ್ರ ನೋಡಿ ಹೆದರಿಕೆಯಾಗುತ್ತದೆ, ಹೆದರಿದಾಗ ಇನ್ನೊಂದು ಸೇದಬೇಕೆನಿಸುತ್ತದೆ. ಹೆದರಿಸುವುದನ್ನು ಬಿಟ್ಟು ಸರ್ಕಾರದ ಹತ್ತಿರ ಬೇರೇನಾದರೂ ಇದೆಯೇ?

ಉತ್ತರ: ಇದೆ, ಅದನ್ನು ಜನರಿಗೆ ತಲುಪಿಸುವುದರಲ್ಲಿ ನಮ್ಮ ವ್ಯವಸ್ಥೆ ಬಹಳ ಹಿಂದಿದೆ. ನಿಮಗೆ ಹೆದರಿಕೆ ಹುಟ್ಟಿಸುವ ಅದೇ ಪಾಕೀಟಿನ ಮೇಲೆ 2018ರಿಂದ 1800 11 2356 ಎಂಬ ಉಚಿತ ಸಂಖ್ಯೆಯನ್ನು ಅಚ್ಚು ಹಾಕುತ್ತಿದ್ದಾರೆ. ಕರೆ ಮಾಡಿದರೆ ತರಬೇತಿ ಪಡೆದ ಸಲಹೆಗಾರರು ಮಾತಾಡುತ್ತಾರೆ, ಬಿಡುವ ದಿನವನ್ನು ನಿಮ್ಮಿಂದಲೇ ನಿಗದಿ ಮಾಡಿಸುತ್ತಾರೆ, ಆನಂತರ ಅವರೇ ನಿಮಗೆ ಕರೆ ಮಾಡುತ್ತಾರೆ. ಬಿಡಿಯಾಗಿ ಕೊಳ್ಳುವವನಿಗೆ ಈ ಸಂಖ್ಯೆಯೂ ಕಾಣುವುದಿಲ್ಲ ಎಂಬುದನ್ನು ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದ ಅಡಿ ಜಿಲ್ಲಾ ಮಟ್ಟದಲ್ಲಿ ತಂಬಾಕು ವ್ಯಸನ ಬಿಡಿಸುವ ಕೇಂದ್ರಗಳಿವೆ. ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಹೋದಾಗ ಅದನ್ನೇ ಹೆಸರಿಟ್ಟು ಕೇಳಿ.

ಎರಡು ಸಲ ಬಿಟ್ಟು ಹಿಡಿದದ್ದನ್ನು ಸೋಲೆಂದು ಎಣಿಸಬೇಡಿ. ನಾನೂ ಹನ್ನೊಂದು ವರ್ಷ ಸೇದಿದವನು, ನಾಲ್ಕನೆಯ ಸಲ ಬಿಟ್ಟದ್ದು ಉಳಿಯಿತು. ನಿಕೋಟಿನ್ ನಿಂತ ಮೊದಲ ಮೂರು ದಿನ ಅತ್ಯಂತ ಕಷ್ಟ. ಸಿಡುಕು, ನಿದ್ದೆಗೇಡು, ಹಸಿವು ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಈ ಹೊತ್ತನ್ನು ದಾಟಿಸಲು ನಿಕೋಟಿನ್ ಚೂಯಿಂಗ್ ಗಮ್ ಇದೆ. ಎರಡು ಮಿಲಿಗ್ರಾಮಿನದು ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಬೇಕೆನ್ನುವವರಿಗೆ ನಾಲ್ಕು ಮಿಲಿಗ್ರಾಮಿನದು ಬೇಕಾಗಬಹುದು, ಅದಕ್ಕೆ ವೈದ್ಯರನ್ನು ಕಾಣಿ. ಮಿಠಾಯಿಯಂತೆ ಒಂದೇ ಸಮನೆ ಅಗಿಯಬಾರದು. ನಾಲಿಗೆಗೆ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಂಡು, ಚುರುಕು ಆರಿದ ಮೇಲೆ ಮತ್ತೆ ಅಗಿಯಬೇಕು. ಅದರ ಮುಂಚಿನ ಕಾಲು ಗಂಟೆ ಚಹಾ ಕುಡಿಯಬಾರದು, ಕುಡಿದರೆ ಔಷಧ ಹೀರಿಕೊಳ್ಳುವುದಿಲ್ಲ. ನಮ್ಮ ಕಡೆ ಗಮ್ಮು ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಚಹಾದ ಜೊತೆ ಅಗಿದವರೇ.

48 ತಡವಲ್ಲ. 45ರಿಂದ 54ರ ನಡುವೆ ಬಿಟ್ಟವರು, ಸೇದುತ್ತಲೇ ಹೋದವರಿಗಿಂತ ಸರಾಸರಿ ಆರು ವರ್ಷ ಹೆಚ್ಚು ಬದುಕುತ್ತಾರೆಂದು ದೊಡ್ಡ ಅಧ್ಯಯನಗಳು ತೋರಿಸಿವೆ. ನಿಮ್ಮ ಎದೆಗೆ ಕಲ್ಲಿನ ಧೂಳೂ ಹೋಗುತ್ತಿದೆ. ಧೂಳು ಮತ್ತು ಹೊಗೆ ಕೂಡಿದರೆ ಹಾನಿ ಇಮ್ಮಡಿಗಿಂತ ಮೇಲೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ, ಕ್ಷಯದ ಕೆಮ್ಮನ್ನು ಸಿಗರೇಟಿನ ಚಟದ ಕೆಮ್ಮೆಂದು ಸುಮ್ಮನಿರಬೇಡಿ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ರಕ್ತದೊತ್ತಡದ ಪಕ್ಕದಲ್ಲಿ 'ಸೇದುತ್ತೀರಾ?' ಎಂಬ ಒಂದು ಕಲಂ ಸೇರಿಸಿ, ಹೌದೆಂದವರನ್ನು ಅಂದೇ ಸಲಹೆಗಾರರ ಬಳಿಗೆ ಕಳಿಸಿದರೆ ಎಷ್ಟೋ ಭಿತ್ತಿಪತ್ರಗಳು ಮಾಡದ ಕೆಲಸ ಆಗುತ್ತದೆಂದು ಇಲಾಖೆಯಲ್ಲಿದ್ದಾಗ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಪ್ರಶ್ನೆ: ನನ್ನ ತಮ್ಮ ಹೈದರಾಬಾದಿನಿಂದ ಇ-ಸಿಗರೇಟು ತಂದಿದ್ದಾನೆ, ಹೊಗೆಯಿಲ್ಲ, ಹಾನಿಯಿಲ್ಲ ಎನ್ನುತ್ತಾನೆ. ಇದನ್ನು ನಿಷೇಧಿಸಿದವರು ಸಿಗರೇಟನ್ನು ಯಾಕೆ ನಿಷೇಧಿಸಲಿಲ್ಲ? ಇನ್ನೊಂದು ಮಾತು: ನಮ್ಮ ಔರಾದಿನಿಂದ ಉದಗೀರು ಹತ್ತಿರ. ಇಲ್ಲಿ 21 ಮಾಡಿದರೆ ಹುಡುಗರು ಅಲ್ಲಿಗೆ ಹೋಗಿ ತರುವುದಿಲ್ಲವೇ?

ಉತ್ತರ: ಇ-ಸಿಗರೇಟಿನ ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು 2019ರ ಸೆಪ್ಟೆಂಬರಿನಿಂದ ದೇಶದಾದ್ಯಂತ ನಿಷಿದ್ಧ. ಮಾರಿದವರಿಗೆ ಮೊದಲ ಸಲ ಒಂದು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅದರಲ್ಲಿ ಟಾರ್ ಇಲ್ಲದಿರಬಹುದು, ಆದರೆ ನಿಕೋಟಿನ್ ಇದೆ. ಕದ್ದು ಬಂದ ಮಾಲಿನಲ್ಲಿ ಎಷ್ಟಿದೆಯೆಂದು ನಿಮ್ಮ ತಮ್ಮನಿಗೂ ಗೊತ್ತಿಲ್ಲ, ಮಾರಿದವನಿಗೂ ಗೊತ್ತಿಲ್ಲ. ಕೋಟ್ಯಂತರ ಜನರಿಗೆ ಆಗಲೇ ಅಂಟಿದ ಚಟವನ್ನು ನಿಷೇಧಿಸುವುದಕ್ಕಿಂತ ಇನ್ನೂ ಅಂಟದಿದ್ದ ಚಟವನ್ನು ಹೊಸ್ತಿಲಲ್ಲೇ ತಡೆಯುವುದು ಸುಲಭವಾಗಿತ್ತು. ಸರ್ಕಾರ ಸುಲಭವಾದದ್ದನ್ನು ಮಾಡಿತು.

ಉದಗೀರಿನ ಮಾತು ನಿಜ. ಮಹಾರಾಷ್ಟ್ರದಲ್ಲೂ, ಜಹೀರಾಬಾದಿನ ಕಡೆ ತೆಲಂಗಾಣದಲ್ಲೂ ಕೇಂದ್ರ ಕಾಯ್ದೆಯ 18 ವರ್ಷದ ಮಿತಿಯೇ ನಡೆಯುತ್ತದೆ. ಪಾಕೀಟಿನ ಬೆಲೆ ಮೂರೂ ಕಡೆ ಒಂದೇ ಆದ್ದರಿಂದ ವ್ಯಾಪಾರಿಗಳು ಗಡಿ ದಾಟಿಸುವುದಿಲ್ಲ. ಬಸ್ಸಿನ ಚಾರ್ಜು ಕೊಟ್ಟು ಒಂದು ಸಿಗರೇಟಿಗಾಗಿ ಉದಗೀರಿಗೆ ಹೋಗುವ ಹುಡುಗ ಅಪರೂಪ. ಹೋದರೂ, ಮಹಾರಾಷ್ಟ್ರ ಬಿಡಿ ಸಿಗರೇಟಿನ ಮಾರಾಟವನ್ನು 2020ರ ಸೆಪ್ಟೆಂಬರಿನಲ್ಲೇ ನಿಷೇಧಿಸಿದೆ. ಕಾಗದದ ಮೇಲೆ ಅಲ್ಲಿಯೂ ಅವನಿಗೆ ಒಂದು ಕಡ್ಡಿ ಸಿಗುವಂತಿಲ್ಲ.